ಲಕ್ವ ಹೊಡೆದ ಕಾಲಿಗೆ ಮತ್ತೆ ನಡಿಗೆಯ ಪಾಠ

ನಿಮ್ಮ ಅತ್ತೆಯವರಿಗೆ ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾಗಿದೆ ಎನ್ನೋಣ. ಜೀವಕ್ಕೆ ಅಪಾಯವಿಲ್ಲ, ಮಾತೂ ಸರಿಹೋಗಿದೆ. ಆದರೆ ಬಚ್ಚಲಿಗೆ ಹೋಗುವಾಗಲೆಲ್ಲ ಎಡಗಾಲಿನ ಬೆರಳು ಹೊಸ್ತಿಲಿಗೆ ತಗುಲುತ್ತದೆ. ಒಂದು ಸಲ ಬಿದ್ದದ್ದೂ ಆಯಿತು. ಅಂದಿನಿಂದ ಅವರಿಗೆ ಭಯ, ನಿಮಗೆ ಆತಂಕ. "ನನ್ನ ಕಾಲು ಸತ್ತೇ ಹೋಗಿದೆ ಕಣಮ್ಮ, ಯಾಕೆ ಸುಮ್ಮನೆ ಒದ್ದಾಡ್ತೀಯ?" ಎನ್ನುತ್ತಾರೆ. ನೀವೇನು ಹೇಳುತ್ತೀರಿ?

"ಇಲ್ಲ ಅತ್ತೆ, ಕಾಲು ಸತ್ತಿಲ್ಲ" ಎಂದು ಧೈರ್ಯವಾಗಿ ಹೇಳಿ. ಅದು ಬರೀ ಸಮಾಧಾನದ ಮಾತಲ್ಲ, ನಿಜವೂ ಹೌದು.

ಲಕ್ವದಲ್ಲಿ ಪೆಟ್ಟು ಬಿದ್ದಿರುವುದು ಕಾಲಿಗಲ್ಲ, ಮೆದುಳಿಗೆ. ಮೆದುಳಿನ ರಕ್ತನಾಳ ಮುಚ್ಚಿಕೊಂಡರೆ ಅಥವಾ ಒಡೆದರೆ ಆ ಭಾಗ ಕೆಡುತ್ತದೆ. ಬಲಗಡೆಯ ಮೆದುಳಿಗೆ ಏಟಾದರೆ ಸಾಮಾನ್ಯವಾಗಿ ದೇಹದ ಎಡಭಾಗ ಸೋಲುತ್ತದೆ. ಮಂಡಿಯ ಕೆಳಗೆ, ಕಾಲಿನ ಮುಂಭಾಗದಲ್ಲಿ ಒಂದು ಮಾಂಸಖಂಡವಿದೆ. ಪ್ರತಿ ಹೆಜ್ಜೆಗೂ ಪಾದದ ತುದಿಯನ್ನು ಮೇಲೆತ್ತುವುದು ಅದರ ಕೆಲಸ. ಮೆದುಳಿನಿಂದ ಅದಕ್ಕೆ ಬರುವ ಅಪ್ಪಣೆ ಕ್ಷೀಣವಾದರೆ ಪಾದ ಜೋತುಬೀಳುತ್ತದೆ. ಹಿಂಬದಿಯ ಮೀನಖಂಡ ಬಿಗಿದುಕೊಂಡಿದ್ದರೆ ಪಾದವನ್ನು ಇನ್ನಷ್ಟು ಕೆಳಕ್ಕೆಳೆಯುತ್ತದೆ. ಬೆರಳು ನೆಲಕ್ಕೆ ಉಜ್ಜದಿರಲೆಂದು ಅವರು ಕಾಲನ್ನು ಹೊರಕ್ಕೆ ಅರ್ಧಚಂದ್ರದಂತೆ ಬೀಸಿ ಇಡುತ್ತಾರೆ. ನೀವೂ ಗಮನಿಸಿರಬಹುದು.

ಕುಕ್ಕರಿನ ಕೂಗಿನಂತೆ

ಇಂಥವರಿಗೆ ಫಿಜಿಯೋಥೆರಪಿಯ ಜೊತೆಗೆ ಕೊಡುವ ಒಂದು ತರಬೇತಿಗೆ ಬಯೋಫೀಡ್‌ಬ್ಯಾಕ್ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸುಲಭ. ಕುಕ್ಕರಿನ ಒಳಗೆ ಬೇಳೆ ಎಷ್ಟು ಬೆಂದಿದೆ ಎಂದು ನಮಗೆ ಕಾಣುತ್ತದೆಯೇ? ಇಲ್ಲ. ಅದು ಕೂಗಿದಾಗ ಒಳಗಿನ ಸಮಾಚಾರ ತಿಳಿಯುತ್ತದೆ, ಉರಿ ಸಣ್ಣ ಮಾಡುತ್ತೇವೆ. ಈ ಯಂತ್ರವೂ ಹಾಗೆಯೇ. ಮಾಂಸಖಂಡದೊಳಗೆ ಏನಾಗುತ್ತಿದೆ ಎಂಬುದನ್ನು ಕಣ್ಣಿಗೋ ಕಿವಿಗೋ ತಿಳಿಸುತ್ತದೆ.

ಮಾಂಸಖಂಡ ಕೆಲಸ ಮಾಡಿದಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಎಷ್ಟು ಸಣ್ಣದೆಂದರೆ, ಅದನ್ನು ಒಂದು ವೋಲ್ಟಿನ ಹತ್ತು ಲಕ್ಷ ಭಾಗಗಳ ಲೆಕ್ಕದಲ್ಲಿ ಅಳೆಯಬೇಕು. ಚರ್ಮವನ್ನು ಒರೆಸಿ ಕಾಲಿನ ಮುಂಭಾಗಕ್ಕೆ ಪುಟ್ಟ ಬಿಲ್ಲೆಗಳನ್ನು ಅಂಟಿಸುತ್ತಾರೆ. ಯಂತ್ರ ಆ ಸುಳಿವನ್ನು ಹಿಡಿದು ದೊಡ್ಡದು ಮಾಡಿ, ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ ಅಥವಾ ಸದ್ದು ಮಾಡುತ್ತದೆ. ಸೂಜಿಯಿಲ್ಲ, ನೋವಿಲ್ಲ. "ಕರೆಂಟು ಕೊಡ್ತಾರಂತೆ" ಎಂದು ಹಿರಿಯರು ಹೆದರಿದರೆ ಬಿಡಿಸಿ ಹೇಳಿ. ಕರೆಂಟು ಕೊಡುವ ಯಂತ್ರ ಬೇರೆ. ಇದು ಏನನ್ನೂ ಕೊಡುವುದಿಲ್ಲ, ಕಾಲು ಹೇಳುವುದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ.

ಕಲಿಯುವುದು ಹೇಗೆ?

ಮೊದಲು ಒಳ್ಳೆಯ ಕಾಲಿನ ಮೇಲೆ ಬಿಲ್ಲೆ ಅಂಟಿಸಿ ತೋರಿಸುವುದುಂಟು. ಪಾದ ಎತ್ತಿದರೆ ಗೆರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಆಮೇಲೆ ಸೋತ ಕಾಲಿನ ಸರದಿ. ಅತ್ತೆ ಮನಸ್ಸಿಟ್ಟು ಪಾದ ಎತ್ತಲು ಪ್ರಯತ್ನಿಸುತ್ತಾರೆ. ಹೊರಗೆ ಏನೂ ಅಲುಗಿದಂತೆ ಕಾಣದಿದ್ದರೂ ಕೆಲವೊಮ್ಮೆ ಗೆರೆ ಚೂರು ಮೇಲೇಳುತ್ತದೆ. ಅಪ್ಪಣೆ ತಲುಪಿತು ಎನ್ನುವುದಕ್ಕೆ ಅದೇ ಸಾಕ್ಷಿ! ಹೇಗೆ ಪ್ರಯತ್ನಿಸಿದಾಗ ಗೆರೆ ಎದ್ದಿತೋ ಹಾಗೆಯೇ ಮತ್ತೆ ಮತ್ತೆ ಮಾಡಬೇಕು. ಗುರಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಬಿಗಿದ ಮೀನಖಂಡಕ್ಕೆ ಪಾಠ ಇದರ ತಿರುವು: ಅಲ್ಲಿ ಗೆರೆಯನ್ನು ಇಳಿಸಲು, ಅಂದರೆ ಸಡಿಲ ಬಿಡಲು ಕಲಿಯಬೇಕು. ಮೊದಲು ಕೂತು, ಆಮೇಲೆ ನಿಂತು, ಕೊನೆಗೆ ನಡೆಯುತ್ತಾ. ಹತೋಟಿ ಬಂದಂತೆ ಯಂತ್ರದ ಸಹಾಯ ಕಡಿಮೆ ಮಾಡುತ್ತಾರೆ.

ಎಷ್ಟು ನಂಬಬಹುದು?

1975ರಲ್ಲಿ ಅಮೆರಿಕದಲ್ಲಿ ಡಾ. ಜಾನ್ ಬಾಸ್ಮಾಜಿಯನ್ ಮತ್ತು ಸಂಗಡಿಗರು ಪಾದ ಜೋತುಬಿದ್ದಿದ್ದ 20 ಲಕ್ವ ರೋಗಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. 10 ಜನಕ್ಕೆ 40 ನಿಮಿಷ ಬರೀ ವ್ಯಾಯಾಮ. ಇನ್ನು 10 ಜನಕ್ಕೆ 20 ನಿಮಿಷ ವ್ಯಾಯಾಮ, 20 ನಿಮಿಷ ಬಯೋಫೀಡ್‌ಬ್ಯಾಕ್. ವಾರಕ್ಕೆ ಮೂರು ಸಲದಂತೆ ಐದು ವಾರ. ಎರಡನೆಯ ಗುಂಪಿನವರಲ್ಲಿ ಪಾದದ ಬಲ ಮತ್ತು ಚಲನೆ ಹೆಚ್ಚುಕಡಿಮೆ ಎರಡರಷ್ಟು ಸುಧಾರಿಸಿತು.

ಹಾಗೆಂದು ಇದನ್ನು ಪವಾಡವೆಂದುಕೊಳ್ಳಬೇಡಿ. ಇಂಥ 13 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಪರಿಶೀಲನೆ 2007ರಲ್ಲಿ ಬಂತು. ಕೆಲವು ಪ್ರಯೋಗಗಳಲ್ಲಿ ಬಲವೂ ನಡಿಗೆಯೂ ಸುಧಾರಿಸಿದ್ದವು. ಆದರೆ ಎಲ್ಲ ಸೇರಿಸಿ ನೋಡಿದಾಗ ಖಚಿತ ಲಾಭ ಕಾಣಲಿಲ್ಲ, ಪ್ರಯೋಗಗಳೂ ಚಿಕ್ಕವು. ಆದ್ದರಿಂದ ಇದು ವ್ಯಾಯಾಮದ ಜೊತೆಗಾರನೇ ಹೊರತು ಬದಲಿಯಲ್ಲ. ಹೇಳಿದ್ದು ಅರ್ಥವಾಗದಷ್ಟು ಮಂಕಾದವರಿಗೆ, ಕೀಲು ಪೂರ್ತಿ ಸೆಟೆದವರಿಗೆ ಹೆಚ್ಚು ಪ್ರಯೋಜನವಾಗದು. ಒಡವೆ ಅಡವಿಟ್ಟು ಯಂತ್ರ ಕೊಳ್ಳುವ ಯೋಚನೆ ಖಂಡಿತ ಬೇಡ. ನಿಮ್ಮ ಜಿಲ್ಲಾಸ್ಪತ್ರೆಯ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನ ಫಿಜಿಯೋಥೆರಪಿ ವಿಭಾಗದಲ್ಲಿ ಮೊದಲು ವಿಚಾರಿಸಿ.

ಮನೆಯಲ್ಲಿ ನೀವೇನು ಮಾಡಬಹುದು?

ಯಂತ್ರ ಸಿಗದಿದ್ದರೂ ಕೈಕಟ್ಟಿ ಕೂರಬೇಕಿಲ್ಲ. ಫಿಜಿಯೋಥೆರಪಿಯವರನ್ನು ಕೇಳಿಕೊಂಡು ಹೀಗೆ ಮಾಡಿ ನೋಡಿ. ಅತ್ತೆಯವರನ್ನು ಗಟ್ಟಿಯಾದ ಕುರ್ಚಿಯಲ್ಲಿ ಕೂರಿಸಿ. ಅವರು ಪಾದ ಎತ್ತಲು ಯತ್ನಿಸುವಾಗ ಹರಡಿನ ಮುಂಭಾಗದಲ್ಲಿ ನಿಮ್ಮ ಬೆರಳಿಡಿ. ಹುರಿಹಗ್ಗದಂತೆ ಒಂದು ಸ್ನಾಯುರಜ್ಜು ಎದ್ದು ಬಂದರೆ ಆ ಕ್ಷಣವೇ "ಬಂತು ಅತ್ತೆ!" ಎನ್ನಿ. ಯಂತ್ರದಷ್ಟು ಸೂಕ್ಷ್ಮವಲ್ಲ, ಆದರೂ ಅದೊಂದು ಸುದ್ದಿಯೇ. ಎದುರಿಗೆ ಕನ್ನಡಿ ಇಟ್ಟರೆ ಅವರೇ ನೋಡಿಕೊಳ್ಳಬಹುದು. ಕಾಲು ಸೋಲುವಷ್ಟು ಮಾಡಿಸಬೇಡಿ. ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ ಮಾಡಿಸಿ.

ನಡೆಸುವಾಗ ಸೋತ ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದೆ ನಿಲ್ಲಿ. ಸೋತ ಕೈಯನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ನೋಯುತ್ತದೆ. ಜಾರುವ ಕಾಲೊರಸು ತೆಗೆದುಬಿಡಿ. ಹವಾಯಿ ಚಪ್ಪಲಿಗೆ ಬದಲು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಡಿಸಿ. ಹೊಸ್ತಿಲ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ರಕ್ತದೊತ್ತಡದ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಲೇಬೇಡಿ.

ಇನ್ನೊಂದು ಮಾತು. ಅವರನ್ನು ಎತ್ತಿ ಕೂರಿಸಿ, ಎತ್ತಿ ಮಲಗಿಸುವುದು ನಿಮಗೆ ಬೇಗ ಮುಗಿಯುವ ಕೆಲಸ ಇರಬಹುದು. ಆದರೆ ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿಬರುವುದು ಹಿರಿಯ ಹೆಣ್ಣುಮಗಳೊಬ್ಬಳಿಗೆ ಎಂಥ ಮರ್ಯಾದೆಯ ವಿಷಯ ಎಂದು ನಿಮಗೆ ನಾನು ಹೇಳಬೇಕೆ? ಒಲೆಯ ಮೇಲಿನ ಸಾರು ಒಂದೈದು ನಿಮಿಷ ಕಾಯಲಿ. ಪಕ್ಕದಲ್ಲಿ ನಿಲ್ಲಿ, "ಪಾದ ಎತ್ತಿ ಅತ್ತೆ, ಇನ್ನೊಂಚೂರು" ಎನ್ನಿ, ಹೊಸ್ತಿಲನ್ನು ಅವರೇ ದಾಟಲಿ.