ಒಳ್ಳೆಯ ಛಾಯಾಚಿತ್ರ: ಹುಟ್ಟುಗುಣವೇ, ಹಂಬಲವೇ, ಹಣವೇ?

ಮನೆಗೆ ಬಂದ ನೆಂಟರ ಮುಂದೆ ಮದುವೆಯ ಆಲ್ಬಮ್ ತೆರೆದಿಟ್ಟಾಗ ಯಾವುದೋ ಒಂದು ಚಿತ್ರದ ಬಳಿ ಎಲ್ಲರ ಬೆರಳೂ ನಿಲ್ಲುವುದುಂಟು. “ಎಷ್ಟು ಚೆನ್ನಾಗಿ ಬಂದಿದೆ!” ಎಂಬ ಮೆಚ್ಚುಗೆಯ ಬೆನ್ನಿಗೇ “ಕ್ಯಾಮರಾ ಯಾವುದು?” ಎಂಬ ಪ್ರಶ್ನೆ ಬರುತ್ತದೆ. ಬೆಲೆ ಕೇಳಿದ ಮೇಲೆ ಮೆಚ್ಚುಗೆ ಅರ್ಧಕ್ಕೆ ಇಳಿಯುತ್ತದೆ. “ಅಷ್ಟು ದುಡ್ಡು ಸುರಿದರೆ ಯಾರು ಬೇಕಾದರೂ ತೆಗೆದಾರು” ಎನ್ನುವವರು ಕೆಲವರು. “ಅದಕ್ಕೆ ಹುಟ್ಟಿನಿಂದಲೇ ಕಣ್ಣು ಬರಬೇಕು” ಎನ್ನುವವರು ಮತ್ತೆ ಕೆಲವರು. “ಹುಚ್ಚು ಹಿಡಿಯದೆ ಇಂಥದು ಸಾಧ್ಯವಿಲ್ಲ” ಎನ್ನುವವರು ಉಳಿದವರು. ಮನೆಯ ಹುಡುಗನೋ ಹುಡುಗಿಯೋ ಕ್ಯಾಮರಾ ಬೇಕೆಂದು ಹಟ ಹಿಡಿದ ದಿನ ಈ ಮಾತು ಬರಿಯ ಹರಟೆಯಾಗಿ ಉಳಿಯುವುದಿಲ್ಲ. ತಿಂಗಳ ಸಂಬಳದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಆದುದರಿಂದ ಈ ಮೂರು ತೀರ್ಪುಗಳನ್ನು ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ಒರೆಗಲ್ಲಾಗಿ ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯನ್ನೇ ತೆಗೆದುಕೊಳ್ಳಬಹುದು. ಮಳೆ ಕಡಮೆ, ಬಿಸಿಲು ಹೆಚ್ಚು ಎನ್ನುವ ಸೀಮೆ ಅದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಮೀಸಲಾಗಿದ್ದ ಹುಲ್ಲುಗಾವಲುಗಳಲ್ಲಿ ಉಳ್ಳಾರ್ತಿ ಕಾವಲೂ ಒಂದು. ಕುರಿಮಂದೆ, ಕರಿಯ ಕಂಬಳಿ, ಕೃಷ್ಣಮೃಗ ಇವೆಲ್ಲ ಈ ಸೀಮೆಗೆ ಸೇರಿದವು. ಹಿಮಾಲಯದ ಶಿಖರವಾಗಲಿ ಸಮುದ್ರ ತೀರವಾಗಲಿ ಇಲ್ಲಿಲ್ಲ. ಇಂಥ ಬಯಲಿನಲ್ಲಿ ಒಳ್ಳೆಯ ಚಿತ್ರ ತೆಗೆಯಲು ಏನು ಬೇಕು?

ಮೊದಲು ಹಣದ ಮಾತು. ಹಣ ಬೇಕಿಲ್ಲವೆಂದು ಹೇಳುವುದು ಆತ್ಮವಂಚನೆ. ಕೃಷ್ಣಮೃಗ ಬಯಲಿನ ಪ್ರಾಣಿ. ಅದರ ದೃಷ್ಟಿ ಚುರುಕು. ಮನುಷ್ಯನಿಗೆ ಅಡಗಿ ಸಾಗಲು ಅಲ್ಲಿ ಮರಗಳ ಮರೆ ಇಲ್ಲ. ಅಷ್ಟು ದೂರದಿಂದ ಅದರ ಕೊಂಬಿನ ಸುರುಳಿ ಸ್ಪಷ್ಟವಾಗಿ ಮೂಡಬೇಕಾದರೆ ಉದ್ದನೆಯ ದೂರದ ಲೆನ್ಸ್ ಬೇಕು. ಅದರ ಬೆಲೆಗೆ ಸಾಧಾರಣ ಸಂಸಾರವೊಂದು ಬೆಚ್ಚಬೇಕು. ಹಣ ಇನ್ನೊಂದನ್ನೂ ಕೊಳ್ಳುತ್ತಿತ್ತು. ಅದು ತಪ್ಪು ಮಾಡುವ ಅವಕಾಶ. ಫಿಲ್ಮಿನ ಕಾಲದಲ್ಲಿ ಚೌಕ ಚಿತ್ರದ ಕ್ಯಾಮರಾಕ್ಕೆ ಹಾಕುವ 120ರ ಒಂದು ಸುರುಳಿಯಲ್ಲಿ ಸಿಗುತ್ತಿದ್ದುದು 12 ಚಿತ್ರಗಳು. 35 ಮಿಲಿಮೀಟರಿನ ಸುರುಳಿಯಲ್ಲಿ 36. ಗುಂಡಿ ಒತ್ತಿದಾಗಲೆಲ್ಲ ಫಿಲ್ಮಿನ ಬೆಲೆ, ತೊಳೆಯುವ ಬೆಲೆ, ಅಚ್ಚಿನ ಬೆಲೆ ತೆರಬೇಕಿತ್ತು. ಉಳ್ಳವನು ಹತ್ತು ಸುರುಳಿ ಕೆಡಿಸಿ ಪಾಠ ಕಲಿಯುತ್ತಿದ್ದ. ಇಲ್ಲದವನು ಒಂದನ್ನು ಕೆಡಿಸಿ ಕೈಕಟ್ಟಿ ಕುಳಿತುಕೊಳ್ಳುತ್ತಿದ್ದ. ಎಷ್ಟು ಕಣ್ಣುಗಳು ಹೀಗೆ ತೆರೆಯುವ ಮೊದಲೇ ಮುಚ್ಚಿದವೋ!

ಆದರೆ ಹಣ ಬಾಗಿಲನ್ನು ತೆರೆದೀತೇ ಹೊರತು ಒಳಗೆ ಕೈಹಿಡಿದು ನಡೆಸಲಾರದು. ಚಳ್ಳಕೆರೆ ಸೀಮೆಯ ಉತ್ತರಕ್ಕಿರುವ ಬಳ್ಳಾರಿ ಜಿಲ್ಲೆಯ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರನ್ನು (1931-2011) ನೋಡಿ. ಅವರಿಗೆ ಸಂಪತ್ತೂ ಇತ್ತು, ಅಧಿಕಾರವೂ ಇತ್ತು. ರಾಜ್ಯದ ಅರ್ಥಸಚಿವರೂ ಆಗಿದ್ದರು. ಕ್ಯಾಮರಾ ಕೊಳ್ಳಬಲ್ಲ ಸಿರಿವಂತರು ಆ ಕಾಲದಲ್ಲಿ ಅವರೊಬ್ಬರೇ ಆಗಿರಲಿಲ್ಲ. ಆದರೂ ವನ್ಯಜೀವಿಗಳ ಕಪ್ಪು-ಬಿಳುಪು ಚಿತ್ರಗಳಿಗಾಗಿ ಹೊರದೇಶಗಳಲ್ಲಿಯೂ ಹೆಸರಾದವರು ಅವರು. ಆನೆಯೂ ಕರಡಿಯೂ ಅರಸನೆಂದು ಯಾರಿಗೂ ದರ್ಶನ ಕೊಡುವುದಿಲ್ಲ; ಕಾಯಬೇಕಾದ ಗಳಿಗೆಗಳನ್ನು ಅವರೂ ಕಾಯಲೇಬೇಕಿತ್ತು.

ಇನ್ನೊಂದು ಕಡೆಯಿಂದ ಮೈಸೂರಿನ ವಿ. ಕೆ. ಮೂರ್ತಿಯವರು (1923-2014) ಸಾಕ್ಷಿ ನುಡಿಯುತ್ತಾರೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದ ಅವರು ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾದರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲನೆಯ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಕತ್ತಲು ತುಂಬಿದ ಸ್ಟುಡಿಯೋದ ಮೇಲಿನಿಂದ ಬೆಳಕಿನ ಕೋಲೊಂದು ಇಳಿದು ಬರುವ ದೃಶ್ಯವನ್ನು ಚಿತ್ರರಸಿಕರು ಇಂದಿಗೂ ನೆನೆಯುತ್ತಾರೆ. ಆ ಬೆಳಕು ಬೆಲೆಬಾಳುವ ದೀಪದ್ದಲ್ಲ. ಹೊರಗಿನ ಸೂರ್ಯನನ್ನೇ ದೊಡ್ಡ ಕನ್ನಡಿಗಳಲ್ಲಿ ಹಿಡಿದು, ಒಂದರಿಂದ ಇನ್ನೊಂದಕ್ಕೆ ಹಾಯಿಸಿ ಒಳಕ್ಕೆ ಇಳಿಸಿದ್ದರು! ದೀಪಗಳಿಗೆ ಕೊರತೆಯಿಲ್ಲದ ಸ್ಟುಡಿಯೋದಲ್ಲಿ ಕನ್ನಡಿಯನ್ನು ಆರಿಸಿಕೊಂಡದ್ದು ಬೆಳಕಿನ ನಡೆ ಬಲ್ಲವನ ಬುದ್ಧಿ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕನೊಬ್ಬನಿಗೆ ಆ ಗೌರವ ದೊರೆತದ್ದು ಅದೇ ಮೊದಲು.

ಹಾಗಾದರೆ ಇದೆಲ್ಲ ಹುಟ್ಟುಗುಣವೇ? ದೊಡ್ಡಉಳ್ಳಾರ್ತಿಯ ಬಯಲಿಗೆ ಮರಳಿ ಬಂದರೆ ಉತ್ತರ ಸಿಕ್ಕೀತು. ಕರಿಯ ಕಂಬಳಿ ಹೊದ್ದ ಕುರಿಗಾಹಿಯೊಬ್ಬನ ಚಿತ್ರವನ್ನು ಹತ್ತಿರದಿಂದ ತೆಗೆಯಲು ಹೊರಟರೆ ಲಕ್ಷ ರೂಪಾಯಿಯ ಕ್ಯಾಮರಾವೂ ಎಡವೀತು. ಏಕೆಂದರೆ ಕ್ಯಾಮರಾದೊಳಗಿನ ಬೆಳಕಿನ ಮಾಪಕಕ್ಕೆ ಕಂಬಳಿ ಯಾವುದು, ಕುರಿ ಯಾವುದು ತಿಳಿಯದು. ಎದುರಿಗಿರುವುದೆಲ್ಲ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವ ನಡುಬೂದು ಬಣ್ಣದ್ದೆಂದು ಎಣಿಸಿ ಅದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕರಿಯ ಕಂಬಳಿಯಿದ್ದರೆ ಬೆಳಕು ಸಾಲದೆಂದು ಬಗೆದು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಕಪ್ಪು ಬೂದಿಯ ಬಣ್ಣವಾಗುತ್ತದೆ, ಹಿಂದಿನ ಆಕಾಶ ಸುಣ್ಣವಾಗುತ್ತದೆ. ಬೆಳ್ಳನೆಯ ಎತ್ತನ್ನು ತೆಗೆದರೆ ಇದಕ್ಕೆ ವಿರುದ್ಧ. ಹಾಲಿನ ಬಣ್ಣದ ಎತ್ತು ಮಂಕಾಗುತ್ತದೆ. ಬಲ್ಲವನು ಕಂಬಳಿಗೆ ಬೆಳಕನ್ನು ತಗ್ಗಿಸುತ್ತಾನೆ, ಎತ್ತಿಗೆ ಹೆಚ್ಚಿಸುತ್ತಾನೆ. ನಡುಹಗಲಲ್ಲಿ ರುಮಾಲಿನ ನೆರಳು ಕಣ್ಣನ್ನೇ ನುಂಗುವುದರಿಂದ ಮುಂಜಾನೆಯ ಓರೆಬಿಸಿಲಿಗಾಗಿ ಕಾಯುತ್ತಾನೆ. ಈ ವಿದ್ಯೆ ತಾಯಿಯ ಗರ್ಭದಿಂದ ಬಂದದ್ದಲ್ಲ; ಒಂದು ಮಧ್ಯಾಹ್ನದಲ್ಲಿ ಯಾರಾದರೂ ಕಲಿಸಬಹುದಾದದ್ದು. ಅದಕ್ಕೆ ಬೆಲೆಯೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ಕ್ಯಾಮರಾವನ್ನು ಬಯ್ಯುವವರಿಗೂ ಸಲ್ಲುತ್ತದೆ.

ಹುಟ್ಟುಗುಣ ಇಲ್ಲವೇ ಇಲ್ಲವೆಂದಲ್ಲ. ಒಬ್ಬನು ಹತ್ತು ಸಲ ಹೇಳಿದರೂ ಕಾಣದ್ದನ್ನು ಇನ್ನೊಬ್ಬನು ಒಮ್ಮೆಗೇ ಕಂಡುಕೊಳ್ಳುತ್ತಾನೆ. ಆದರೆ ಆ ಗುಣ ಯಾರಲ್ಲಿ ಇದೆಯೆಂದು ಕಲಿಸುವ ಮೊದಲೇ ತಿಳಿಯುವ ಉಪಾಯವಿಲ್ಲ. ಬೆಂಗಳೂರಿನಲ್ಲಿ ಟಿ. ಎನ್. ಎ. ಪೆರುಮಾಳ್ (1932-2017) ಹಿರಿಯ ಛಾಯಾಗ್ರಾಹಕ ಒ. ಸಿ. ಎಡ್ವರ್ಡ್ಸ್ ಅವರ ಒಡನಾಟದಲ್ಲಿ ಪಳಗಿ ವನ್ಯಜೀವಿ ಛಾಯಾಗ್ರಹಣದಲ್ಲಿ ಜಗತ್ಪ್ರಸಿದ್ಧರಾದರು. ಮುಂದೆ ತಾವೇ ಅನೇಕ ಕಿರಿಯರಿಗೆ ಗುರುವಾದರು. ಅದೇ ನಗರದಲ್ಲಿ 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿಕೊಂಡಿತು. ಒಬ್ಬರ ಚಿತ್ರವನ್ನು ಇನ್ನೊಬ್ಬರು ಕೂಡಿ ಕುಳಿತು ತಿದ್ದುವ ಇಂಥ ಕೂಟಗಳಲ್ಲಿ ಬೆಳೆದವರ ಸಂಖ್ಯೆ ದೊಡ್ಡದು. ಹಂಬಲಕ್ಕೆ ಗುರುವಿನ ಕಣ್ಣು ಜೊತೆಗೂಡಿದಾಗ ಅದು ಸಾಧನೆಯಾಗುತ್ತದೆ. ಇಲ್ಲವಾದರೆ ಅದೇ ತಪ್ಪನ್ನು ಉತ್ಸಾಹದಿಂದ ಸಾವಿರ ಸಲ ಮಾಡುವ ಚಟವಾಗುತ್ತದೆ.

ಇಂದು ವಿಧಿಯೇ ಈ ವಾದಕ್ಕೆ ಒಂದು ಪರೀಕ್ಷೆಯನ್ನು ಒಡ್ಡಿದೆ. ಫೋನಿನ ಕ್ಯಾಮರಾ ಹಳ್ಳಿ ಹಳ್ಳಿಗೂ ಬಂದು, ಗುಂಡಿ ಒತ್ತುವುದಕ್ಕೆ ಕಾಸಿನ ಖರ್ಚೂ ಇಲ್ಲದಂತಾಗಿದೆ. ತಪ್ಪು ಮಾಡುವ ಅವಕಾಶ ಈಗ ಬಡವನಿಗೂ ಉಂಟು. ಹಣವೊಂದೇ ಅಡ್ಡಿಯಾಗಿದ್ದರೆ ಒಳ್ಳೆಯ ಚಿತ್ರಗಳ ಹೊಳೆಯೇ ಹರಿಯಬೇಕಿತ್ತು. ಹರಿಯುತ್ತಿರುವುದು ಚಿತ್ರಗಳ ಹೊಳೆ. ಒಳ್ಳೆಯವು ಅದರಲ್ಲಿ ಇಂದಿಗೂ ವಿರಳ. ತೆಗೆದ ನೂರರಲ್ಲಿ ತೊಂಬತ್ತೊಂಬತ್ತನ್ನು ಅಳಿಸುವ ನಿಷ್ಠುರತೆ, ಉಳಿದ ಒಂದನ್ನು ತೋರಿಸಿ “ಇದರಲ್ಲೇನು ತಪ್ಪು?” ಎಂದು ಕೇಳುವ ವಿನಯ, ಕೇಳಿದರೆ ಹೇಳಬಲ್ಲ ಹಿರಿಯರು ಇವು ಅಂಗಡಿಯಲ್ಲಿ ದೊರೆಯುವುದಿಲ್ಲ.

ದೊಡ್ಡಉಳ್ಳಾರ್ತಿಯಂಥ ಊರಿಗೆ ಇದು ವಿನೋದದ ಮಾತಲ್ಲ. 2007ರಿಂದ 2010ರ ಅವಧಿಯಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಸಾವಿರಾರು ಎಕರೆ ನೆಲವನ್ನು ಸರ್ಕಾರ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಒಪ್ಪಿಸಿತು. ಉಳ್ಳಾರ್ತಿ ಕಾವಲೂ ಅದರಲ್ಲಿ ಸೇರಿತ್ತು. ತಲೆಮಾರುಗಳಿಂದ ತೆರೆದಿದ್ದ ಬಯಲಿಗೆ ಬೇಲಿ ಬಂತು. ಆ ಹುಲ್ಲು, ಆ ಮಂದೆ, ಆ ದಾರಿ ಹೇಗಿದ್ದವೆಂದು ನಾಳಿನವರು ಕೇಳಿದರೆ ತೋರಿಸಲು ಚಿತ್ರ ಬೇಕು. ಉದ್ದನೆಯ ಲೆನ್ಸಿನೊಡನೆ ಎರಡು ದಿನಕ್ಕೆ ಬಂದುಹೋಗುವ ಹೊರಗಿನವನು ಕೃಷ್ಣಮೃಗವನ್ನು ಹಿಡಿದುಕೊಂಡು ಹೋದಾನು. ಮಂದೆ ಯಾವ ಹೊತ್ತಿಗೆ ಮರಳುತ್ತದೆ, ಧೂಳಿನ ಮೇಲೆ ಬಿಸಿಲು ಯಾವಾಗ ಬೀಳುತ್ತದೆ, ಯಾವ ಅಜ್ಜಿಯ ಕೈ ಉಣ್ಣೆಯನ್ನು ಹೇಗೆ ನೂಲುತ್ತದೆ ಎಂಬುದನ್ನು ಬಲ್ಲವರು ಆ ಊರಿನ ಮಕ್ಕಳೇ. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಜೀವನವಿಡೀ ಸಾಮಾನ್ಯ ಜನರ ದಿನನಿತ್ಯದ ಬಾಳನ್ನು ಚಿತ್ರಿಸಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಹತ್ತಿರದ ಬದುಕನ್ನು ನೋಡಬಲ್ಲವನಿಗೆ ದೂರದ ವಸ್ತುವಿನ ಹಂಗಿಲ್ಲ.

ಆದುದರಿಂದ ಮಗನೋ ಮಗಳೋ ಕ್ಯಾಮರಾ ಕೇಳಿದರೆ ಗದರಿಸಬೇಕಾಗಿಲ್ಲ. ಸಾಲ ಮಾಡಿ ದುಬಾರಿಯದನ್ನು ತರಬೇಕಾಗಿಯೂ ಇಲ್ಲ. ಮನೆಯಲ್ಲಿರುವ ಫೋನಾಗಲಿ ಅಗ್ಗದ ಹಳೆಯ ಕ್ಯಾಮರಾವಾಗಲಿ ಕೈಗೆ ಕೊಟ್ಟು ಒಂದು ವರ್ಷ ಒಂದೇ ವಸ್ತುವನ್ನು, ತಮ್ಮ ಬೀದಿಯನ್ನೋ ಅಜ್ಜನ ಕಸುಬನ್ನೋ, ತೆಗೆಯಲು ಹೇಳಿ. ತಿಂಗಳಿಗೊಮ್ಮೆ ಬಲ್ಲವರೊಬ್ಬರಿಗೆ ತೋರಿಸಲಿ. ವರ್ಷದ ಕೊನೆಗೂ ಕ್ಯಾಮರಾವನ್ನು ಕೆಳಗಿಡದಿದ್ದರೆ ಹಂಬಲ ನಿಜವಾದದ್ದು. ಚಿತ್ರಗಳು ತಿದ್ದಿಕೊಳ್ಳುತ್ತ ಬಂದಿದ್ದರೆ ಗುಣವೂ ಉಂಟು. ಹಣದ ಮಾತನ್ನು ಆಗ ಎತ್ತಿದರೆ ಸಾಕು.