ನಕ್ಷೆಯ ಗೆರೆ ಬದಲಿಸುವ ಮುನ್ನ

ಬೀದರ ನಗರದ ಚೌಬಾರಾದಿಂದ ಕೋಟೆಯ ಕಡೆಗೆ ನಡೆಯುವವರ ದೃಷ್ಟಿ ದಾರಿಯಲ್ಲಿ ಒಂದು ಮಿನಾರಿನ ಮೇಲೆ ನಿಲ್ಲದೆ ಇರದು. ಬಣ್ಣದ ಹೆಂಚುಗಳ ಅವಶೇಷವನ್ನು ಮೈಮೇಲೆ ಹೊತ್ತು ಅದು ಒಂಟಿಯಾಗಿ ನಿಂತಿದೆ. ಅದರ ಜೋಡಿ ಇಂದಿಲ್ಲ. ಬಹಮನಿ ಅರಸರ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ವಿದ್ಯಾಲಯವಿದು. ನಡುವೆ ವಿಶಾಲವಾದ ಅಂಗಳ. ಸುತ್ತಲೂ ಮೂರಂತಸ್ತಿನ ಕಟ್ಟಡ. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ವಾಸದ ಕೊಠಡಿಗಳು, ಪಾಠಕ್ಕೆ ಸಭಾಂಗಣ, ಪ್ರಾರ್ಥನೆಗೆ ಮಸೀದಿ, ಜೊತೆಗೊಂದು ಗ್ರಂಥಭಂಡಾರ. ವಿದ್ಯೆಗೆ ಏನೇನು ಬೇಕೆಂಬುದನ್ನು ಮೊದಲೇ ಎಣಿಸಿ ಹಾಕಿದ ನಕ್ಷೆ ಅದು.

17ನೆಯ ಶತಮಾನದಲ್ಲಿ ಬೀದರವು ಮೊಗಲರ ವಶವಾಯಿತು. ವಿದ್ಯಾಲಯದ ಒಂದು ಭಾಗದಲ್ಲಿ ಸೈನಿಕರು ಬೀಡುಬಿಟ್ಟರು. ಕೆಲವು ಕೋಣೆಗಳು ಮದ್ದಿನ ಉಗ್ರಾಣಗಳಾದವು. 1696ರಲ್ಲಿ ಆ ಮದ್ದು ಸಿಡಿಯಿತು. ಒಂದು ಮಿನಾರು, ಮುಂಭಾಗದ ಅರ್ಧ ಮತ್ತು ದಕ್ಷಿಣದ ಪಾರ್ಶ್ವ ನೆಲಕ್ಕುರುಳಿದವು. ಸಿಡಿಲು ಬಡಿದದ್ದರಿಂದ ಹೀಗಾಯಿತೆಂದು ಹೇಳುವುದುಂಟು. ಆದರೆ ಓದುವ ಕೋಣೆಯಲ್ಲಿ ಮದ್ದನ್ನು ತಂದಿರಿಸಿದ್ದು ಸಿಡಿಲಲ್ಲ.

ವಿದ್ಯಾಲಯದ ನಕ್ಷೆಯನ್ನು ಬದಲಿಸುವ ಪ್ರಶ್ನೆ ಬೀದರ ಸೀಮೆಗೆ ಈಗ ಮತ್ತೆ ಬಂದಿದೆ. 2022ರ ಕಾನೂನು ತಿದ್ದುಪಡಿಯಿಂದ ಹುಟ್ಟಿದ ಬೀದರ ವಿಶ್ವವಿದ್ಯಾನಿಲಯದ ನೆಲೆ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿ. ಅಲ್ಲಿ ಮೊದಲು ಇದ್ದುದು ಗುಲ್ಬರ್ಗ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. ಆ ಗುಲ್ಬರ್ಗ ವಿಶ್ವವಿದ್ಯಾನಿಲಯವಾದರೂ 1980ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ತಾಯಿಮನೆಯಿಂದ ಮಗಳು ಬೇರೆ ಸಂಸಾರ ಹೂಡಿದಂತೆ ನಮ್ಮ ವಿದ್ಯಾಪೀಠಗಳು ಬೆಳೆದು ಬಂದಿವೆ.

ತೊಡಕು ಹುಟ್ಟುವುದು ಇಲ್ಲಿಯೇ. ಕೆಲವೇ ವಿಭಾಗಗಳ ಕೇಂದ್ರಕ್ಕೆ ಸಾಲುತ್ತಿದ್ದ ಆವರಣ ಇಡೀ ಜಿಲ್ಲೆಯ ವಿಶ್ವವಿದ್ಯಾನಿಲಯಕ್ಕೆ ಸಾಲದು. ಆಡಳಿತ ಭವನ ಬೇಕು, ಪರೀಕ್ಷಾ ವಿಭಾಗ ಬೇಕು, ಪ್ರಯೋಗಾಲಯ, ವಿದ್ಯಾರ್ಥಿನಿಲಯ, ಆಟದ ಬಯಲು ಎಲ್ಲವೂ ಬೇಕು. ಈಚಿನ ವರ್ಷಗಳಲ್ಲಿ ತೆರೆದ 10 ವಿಶ್ವವಿದ್ಯಾನಿಲಯಗಳಲ್ಲಿ 9ನ್ನು ಮುಚ್ಚಿ ಹಳೆಯವುಗಳಲ್ಲಿ ಸೇರಿಸಬಹುದೆಂದು 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಆಲೋಚಿಸಿದಾಗ, ಉಳಿಯಲಿ ಎಂದದ್ದು ಬೀದರವೊಂದನ್ನೇ. ಉಳಿದ ಮೇಲೆ ಕಟ್ಟಲೇಬೇಕು. ಕಟ್ಟಹೊರಟಾಗ ಹಳೆಯ ಗೆರೆಗಳು ಕದಲಲೇಬೇಕು.

ಗೆರೆ ಕದಲುವ ಬಗೆ ಹೇಗೆ? ಒಂದು ವಿಭಾಗದವರು ತಮಗೊಂದು ಹೊಸ ಕಟ್ಟಡ ಬೇಕೆಂದು, ಇಲ್ಲವೆ ಗೊತ್ತುಪಡಿಸಿದ ಜಾಗದ ಬದಲು ಬೇರೊಂದು ಜಾಗ ಬೇಕೆಂದು ಬರೆದುಕೊಳ್ಳುತ್ತಾರೆ. ಎಂಜಿನಿಯರರು ಸ್ಥಳವನ್ನು ನೋಡಿ ಅಂದಾಜುಪಟ್ಟಿ ಸಿದ್ಧಪಡಿಸುತ್ತಾರೆ. ಹಣದ ಮಾತು ಹಣಕಾಸು ಸಮಿತಿಯ ಮುಂದೆ ಬರುತ್ತದೆ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯಿದೆಯಂತೆ ಆಸ್ತಿಪಾಸ್ತಿಯ ಹೊಣೆ ಸಿಂಡಿಕೇಟಿನದು. ಕುಲಪತಿಗಳ ಅಧ್ಯಕ್ಷತೆಯಲ್ಲಿ ಕೂಡುವ ಆ ಸಭೆಯಲ್ಲಿ ಸರಕಾರದ ನಾಮನಿರ್ದೇಶಿತರೂ ಇರುತ್ತಾರೆ. ಅಲ್ಲಿ ಒಪ್ಪಿಗೆ ದೊರೆತು ಹಣವೂ ಮಂಜೂರಾದ ಬಳಿಕ, 1999ರ ಪಾರದರ್ಶಕತೆ ಕಾಯಿದೆಗೆ ಅನುಸಾರವಾಗಿ ಟೆಂಡರು ಕರೆಯಬೇಕು. ಮರ ಕಡಿಯಬೇಕಾದರೆ 1976ರ ವೃಕ್ಷ ಸಂರಕ್ಷಣಾ ಕಾಯಿದೆಯೂ ಅಡ್ಡ ನಿಂತು ಅನುಮತಿ ಕೇಳುತ್ತದೆ.

ಇಷ್ಟೊಂದು ಮೆಟ್ಟಿಲುಗಳೇಕೆ ಎಂದು ಬೇಸರಪಡುವವರುಂಟು. ಮಾರ್ಚಿಯೊಳಗೆ ಹಣ ಖರ್ಚಾಗಬೇಕೆಂಬ ಅವಸರ ಆಡಳಿತದವರಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಕಾಗದದ ಮೇಲೆ ಬದಲಿಸಿದ ಗೆರೆಗೆ ತಗಲುವ ವೆಚ್ಚ ಒಂದು ಹಾಳೆ. ಅಡಿಪಾಯ ತೋಡಿದ ಮೇಲೆ ಬದಲಿಸಿದರೆ ಗುತ್ತಿಗೆಯ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ತಡ ಆಗಬೇಕಾದರೆ ಮೊದಲಲ್ಲೇ ಆಗುವುದು ಲೇಸು.

ಮೆಟ್ಟಿಲುಗಳನ್ನೆಲ್ಲ ಹತ್ತಿಬಂದ ಬದಲಾವಣೆಯೂ ತಪ್ಪಾಗಬಹುದೆಂಬುದನ್ನು ಮಾತ್ರ ಮರೆಯಲಾಗದು. ಕಡತದಲ್ಲಿ ರುಜುಗಳು ಸಾಲಾಗಿರುತ್ತವೆ. ಆ ಕಟ್ಟಡದಲ್ಲಿ ಬಾಳಬೇಕಾದವರ ಮಾತು ಇರುವುದಿಲ್ಲ. ಕರ್ನಾಟಕದ ಅತ್ಯಂತ ಉತ್ತರದ ತಾಲ್ಲೂಕು ಔರಾದ. ಭಾಲ್ಕಿಗೆ ರೈಲುಂಟು, ಔರಾದ ಪಟ್ಟಣಕ್ಕೆ ಇಲ್ಲ. ಆ ಕಡೆಯ ಹಳ್ಳಿಯೊಂದರಿಂದ ಬಸ್ಸು ಬದಲಿಸುತ್ತ ಓದಲು ಬರುವ ಹುಡುಗಿಯನ್ನು ನೆನೆಯಿರಿ. ವಿದ್ಯಾರ್ಥಿನಿಯರ ನಿಲಯಕ್ಕೆಂದು ಇಟ್ಟ ಜಾಗದಲ್ಲಿ ಅತಿಥಿಗೃಹ ಏಳಬೇಕೆಂದು ಸೂಚನೆ ಬಂದರೆ, ನಕ್ಷೆಯಲ್ಲಿ ಬದಲಾಗುವುದು ಒಂದು ಹೆಸರು. ಆಕೆಗೆ ಬದಲಾಗುವುದು ಓದು ಮುಂದುವರಿಯುವುದೋ ನಿಲ್ಲುವುದೋ ಎಂಬ ನಿರ್ಣಯ. ಸೂಚನೆಯನ್ನು ಫಲಕಕ್ಕೆ ಹಚ್ಚಿ, ಇಷ್ಟು ದಿನದೊಳಗೆ ಆಕ್ಷೇಪಣೆ ತಿಳಿಸಿರೆಂದು ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಅವಕಾಶ ಕೊಟ್ಟರೆ ಕಳೆದುಕೊಳ್ಳುವುದಾದರೂ ಏನು? ಬದಲಾವಣೆಗೆ ಕಾರಣವೇನು, ಬಂದ ಆಕ್ಷೇಪಣೆಗೆ ಉತ್ತರವೇನು ಎಂಬುದು ನಡವಳಿಯ ಪುಸ್ತಕದಲ್ಲಿ ದಾಖಲಾದರೆ ಮುಂದೆ ಬರುವ ಕುಲಪತಿಗಳಿಗೂ ಅದು ದಾರಿದೀಪ.

ಖಾಲಿ ಜಾಗವೆಂಬ ಮಾತನ್ನೂ ಎಚ್ಚರದಿಂದ ಆಡಬೇಕು. ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ 1000 ಎಕರೆಗೂ ಮಿಗಿಲಾದ ಆವರಣ. ಅದರ ನೆಲದಲ್ಲಿ ಬೇರೆ ಬೇರೆ ಸಂಸ್ಥೆಗಳು ತಲೆಯೆತ್ತಿದವು. ರಾಷ್ಟ್ರೀಯ ಕಾನೂನು ಶಾಲೆಯಂಥವು ನಾಡಿಗೆ ಕೀರ್ತಿಯನ್ನೂ ತಂದವು. ಹಾಗಿದ್ದರೂ ಕೊಟ್ಟ ನೆಲ ಹಿಂದಿರುಗದು. ಬೀದರದ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಕೇಂದ್ರವಿದೆ. ಅಂಥ ವಿದ್ಯಾಪೀಠದಲ್ಲಿ ಮೇವಿನ ಹೊಲ ನಕ್ಷೆಗೆ ಬರಿಯ ಬಯಲು. ಹಟ್ಟಿಯ ದನಕ್ಕೆ ಅದೇ ಅನ್ನದ ತಟ್ಟೆ.

ಇನ್ನು ಬೀದರದ ನೆಲವಂತೂ ಮೇಲೆ ಕಂಡಷ್ಟೇ ಅಲ್ಲ. ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜು ಜಂಬಿಟ್ಟಿಗೆಯ ಅಡಿಯಲ್ಲಿ ನೀರನ್ನು ಸುರಂಗದೊಳಗೆ ಹರಿಸಿ ತರುತ್ತಿತ್ತು. ನೆಲದ ಮೇಲೆ ಸಾಲಾಗಿ ಕಾಣುವ ಬಾವಿಯಂಥ ಕಂಡಿಗಳು ಅದರ ಗುರುತು. ಅರಿಯದವರು ಅದನ್ನು ಹಾಳು ಗುಂಡಿಯೆಂದು ಮುಚ್ಚಿಯಾರು. ನಕ್ಷೆ ಬರೆಯುವವರು ಊರಿನ ಹಿರಿಯರನ್ನು ಒಂದು ಮಾತು ಕೇಳಬೇಕೆಂಬುದು ಇದಕ್ಕಾಗಿಯೇ.

ನಕ್ಷೆ ಎಂದೂ ಬದಲಾಗಬಾರದೆಂದು ಹೇಳುವುದು ವಿವೇಕವಲ್ಲ. ಬೆಳೆಯುವ ಮಗುವಿಗೆ ಅಂಗಿ ಬದಲಿಸಲೇಬೇಕು. ಆದರೆ ಅಳತೆ ತೆಗೆದುಕೊಳ್ಳಬೇಕಾದದ್ದು ಮಗುವಿನ ಮೈಯದು. ಹಾಲಹಳ್ಳಿಯ ವಿದ್ಯಾಪೀಠಕ್ಕೆ ಇನ್ನೂ ಎಳೆಯ ಪ್ರಾಯ. ಕೇಳಿ ಕಟ್ಟುವ ರೂಢಿ ಈಗಲೇ ಬೇರೂರಿದರೆ ನೂರು ವರ್ಷ ನಿಂತೀತು.

ಮಹಮೂದ್ ಗವಾನನ ಅಂಗಳಕ್ಕೆ ಇಂದಿಗೂ ಶಾಲೆಯ ಮಕ್ಕಳು ಪ್ರವಾಸ ಬರುತ್ತಾರೆ. ಇನ್ನೊಂದು ಮಿನಾರು ಎಲ್ಲಿ ಹೋಯಿತೆಂದು ಮಕ್ಕಳು ಕೇಳಿದರೆ ಮೇಷ್ಟ್ರು ಮದ್ದಿನ ಕಥೆಯನ್ನು ಹೇಳಬೇಕಾಗುತ್ತದೆ. ಆ ಕಥೆಯನ್ನು ಒಮ್ಮೆ ಸಿಂಡಿಕೇಟಿನ ಸಭೆಯಲ್ಲಿಯೂ ಹೇಳುವುದು ಒಳ್ಳೆಯದು.