ಮಕ್ಕಳ ಕೈಗೆ ಸಾರಥ್ಯ

ಮೋಟಾರು ವಾಹನವನ್ನು ನಡೆಸುವ ಕೈಚಳಕವನ್ನು ಚುರುಕಾದ ತರುಣನೊಬ್ಬನು ಕೆಲವೇ ವಾರಗಳಲ್ಲಿ ಕಲಿತುಬಿಡುತ್ತಾನೆ. ಕ್ಲಚ್ಚು, ಗೇರು, ಬ್ರೇಕುಗಳ ಹೊಂದಾಣಿಕೆ ಅಂತಹ ಕಷ್ಟದ ವಿದ್ಯೆಯೇನೂ ಅಲ್ಲ. ಆದರೆ ಮುಂದಿನ ತಿರುವಿನಲ್ಲಿ ಏನು ಎದುರಾಗಬಹುದೆಂದು ಮೊದಲೇ ಊಹಿಸುವ ವಿವೇಕವು ಅಷ್ಟು ಬೇಗನೆ ಬರುವಂಥದಲ್ಲ. ಕೈ ಪಳಗಿದ್ದು ಕಣ್ಣು ಪಳಗದಿರುವ ಈ ಅವಧಿಯೇ ಹೊಸ ಚಾಲಕನಿಗೆ ಅತ್ಯಂತ ಅಪಾಯದ ಕಾಲ. ೨೦೨೨ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ ೧,೬೮,೪೯೧ ಮಂದಿ ಪ್ರಾಣ ಕಳೆದುಕೊಂಡರು. ಆದುದರಿಂದ ಮಕ್ಕಳಿಗೆ ಸಾರಥ್ಯವನ್ನು ಕಲಿಸುವಾಗ ತಂದೆತಾಯಿಗಳ ಹೊಣೆಯೇನೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಗದಗಿನ ಬಳಿಯ ನಾಗಾವಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಆವರಣವು ಈಗ ಇಲ್ಲಿದೆ. ಈ ಸೀಮೆಯ ರಸ್ತೆಗಳಲ್ಲಿ ಬಸ್ಸು ಕಾರುಗಳೊಡನೆ ಚಕ್ಕಡಿ, ಟ್ರ್ಯಾಕ್ಟರು, ಕುರಿಹಿಂಡುಗಳೂ ಸಾಗುತ್ತವೆ. ಸುಗ್ಗಿಯ ಕಾಲದಲ್ಲಿ ಡಾಂಬರಿನ ಮೇಲೆಯೇ ಜೋಳ, ಹೆಸರುಗಳ ರಾಶಿಯನ್ನು ಹರವುವುದೂ ಉಂಟು. ಹೊಸ ಚಾಲಕನು ಕಲಿಯಬೇಕಾದುದು ಇಂತಹ ರಸ್ತೆಯಲ್ಲಿಯೇ.

ಕಾಯಿದೆ ಹೇಳುವುದೇನು?

ಹೊಲಕ್ಕೆ ಬುತ್ತಿ ಮುಟ್ಟಿಸಲೆಂದು ಹೈಸ್ಕೂಲಿನ ಹುಡುಗನ ಕೈಗೆ ಮೋಟಾರು ಸೈಕಲ್ಲನ್ನು ಕೊಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಆದರೆ ೧೯೮೮ರ ಮೋಟಾರು ವಾಹನಗಳ ಕಾಯಿದೆಯಂತೆ ೧೮ ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ನಡೆಸಕೂಡದು, ೫೦ ಸಿ.ಸಿ.ಗೆ ಮೀರದ ಇಂಜಿನಿನ ದ್ವಿಚಕ್ರಕ್ಕೆ ಮಾತ್ರ ೧೬ ವರ್ಷ ಸಾಕು. ೨೦೧೯ರ ತಿದ್ದುಪಡಿಯಾದ ಮೇಲೆ, ಬಾಲಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನು ಅಥವಾ ವಾಹನದ ಒಡೆಯನು ತಪ್ಪಿತಸ್ಥನೆಂದು ಭಾವಿಸಲ್ಪಡುತ್ತಾನೆ. ಇದಕ್ಕೆ ೩ ವರ್ಷಗಳವರೆಗೆ ಸೆರೆವಾಸ, ೨೫,೦೦೦ ರೂಪಾಯಿ ದಂಡ. ಬಾಲಕನಿಗೆ ೨೫ ವರ್ಷ ತುಂಬುವ ತನಕ ಲೈಸೆನ್ಸು ದೊರೆಯದು.

ವೇಗದ ಲೆಕ್ಕ

ವಯಸ್ಸು ತುಂಬಿದ ಮೇಲೆ ಮೊದಲ ಪಾಠವನ್ನು ವಾಹನದ ಹೊರಗೆ, ನೆಲದ ಮೇಲೆ ನಿಂತು ಮಾಡುವುದು ಮೇಲು. ಗಂಟೆಗೆ ೩೬ ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿಗೆ ೧೦ ಮೀಟರು ಸಾಗುತ್ತದೆ. ಅಡ್ಡಬಂದ ಎಮ್ಮೆಯನ್ನು ಕಣ್ಣು ಕಂಡು, ಮಿದುಳು ನಿರ್ಧರಿಸಿ, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ಆ ೧೦ ಮೀಟರಿನ ಮೇಲೆ, ಒಣ ಡಾಂಬರಿನಲ್ಲಿ ನಿಲ್ಲಲು ಇನ್ನೂ ಸುಮಾರು ೭ ಮೀಟರು ಬೇಕು. ವೇಗವು ೭೨ ಕಿಲೋಮೀಟರಾದರೆ? ಮೊದಲ ಸೆಕೆಂಡಿಗೆ ೨೦ ಮೀಟರು. ಬ್ರೇಕು ಹಿಡಿದ ಮೇಲೆ ಸುಮಾರು ೨೯ ಮೀಟರು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ವೇಗ ಇಮ್ಮಡಿಯಾದಾಗ ಬ್ರೇಕಿನ ದೂರವು ನಾಲ್ಮಡಿಯಾಗುತ್ತದೆ. ಒಟ್ಟು ೪೯ ಮೀಟರು, ಎಂದರೆ ದೊಡ್ಡವರ ಸುಮಾರು ೬೫ ಹೆಜ್ಜೆ. ಮಗನಾಗಲಿ ಮಗಳಾಗಲಿ, ಈ ದೂರವನ್ನು ಬಯಲಿನಲ್ಲಿ ಹೆಜ್ಜೆಯಿಟ್ಟು ಅಳೆದರೆ ಲೆಕ್ಕವು ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ.

ಮಳೆಯಲ್ಲಿ ಘರ್ಷಣೆ ಕುಗ್ಗುವುದರಿಂದ ಬ್ರೇಕಿನ ದೂರವು ಒಂದೂವರೆ ಪಟ್ಟಿಗೂ ಮಿಕ್ಕಿ ಬೆಳೆಯಬಹುದು. ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಬಿಟ್ಟುಹೋದ ಹಸಿ ಎರೆಮಣ್ಣು ಇನ್ನೂ ಜಾರಿಕೆ. ಹರವಿದ ಕಾಳುಗಳಂತೂ ಟೈರಿನಡಿಯಲ್ಲಿ ಪುಟ್ಟ ಗುಂಡುಗಳಂತೆ ಉರುಳುವುದರಿಂದ ದ್ವಿಚಕ್ರವು ಹಿಡಿತ ತಪ್ಪುತ್ತದೆ. ಇಂತಹ ಎಡೆಗಳಲ್ಲಿ ಮೊದಲೇ ವೇಗ ತಗ್ಗಿಸಬೇಕೇ ಹೊರತು, ಅದರ ಮೇಲೆ ಹೋದ ಬಳಿಕ ಬ್ರೇಕು ಹಿಡಿಯಕೂಡದು.

ಕಣ್ಣಿನ ಶಿಕ್ಷಣ

ಹೊಸ ಚಾಲಕರ ದೃಷ್ಟಿಯು ವಾಹನದ ಮುಂದಿನ ಸಮೀಪದ ನೆಲದ ಮೇಲೆಯೇ ಹೆಚ್ಚಾಗಿ ನೆಡುತ್ತದೆ, ಕನ್ನಡಿಗಳತ್ತ ವಿರಳವಾಗಿ ಹೊರಳುತ್ತದೆ ಎಂಬುದನ್ನು ಅಮೆರಿಕದ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಸಂಶೋಧಕರು ೧೯೭೨ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಸುಲಭವಾದ ಮದ್ದೊಂದಿದೆ. ಕಲಿಯುವವರು ತಾವು ಕಂಡುದನ್ನೂ ಊಹಿಸಿದುದನ್ನೂ ಬಾಯಿಬಿಟ್ಟು ಹೇಳುತ್ತಾ ವಾಹನ ನಡೆಸಬೇಕು: “ಬಸ್ಸು ನಿಂತಿದೆ, ಅದರ ಮುಂದಿನಿಂದ ಯಾರಾದರೂ ದಾಟಬಹುದು”, “ಚೆಂಡು ಉರುಳಿ ಬಂತು, ಹಿಂದೆಯೇ ಮಗು ಬರಬಹುದು”, “ಎದುರಿನ ಬೆಳಕಿನಾಚೆ ದೀಪವಿಲ್ಲದ ಚಕ್ಕಡಿ ಇರಬಹುದು”. ಪಕ್ಕದಲ್ಲಿ ಕುಳಿತ ತಂದೆಯು ಅಥವಾ ತಾಯಿಯು, ಮಗುವಿನ ಕಣ್ಣಿಗೆ ಬೀಳದಿರುವುದು ಯಾವುದೆಂಬುದನ್ನು ಇದರಿಂದ ಅರಿಯಬಹುದು.

ತಪ್ಪಾದಾಗ ಚಲಿಸುವ ವಾಹನದಲ್ಲಿ ಕೂಗಾಡುವುದು ತರವಲ್ಲ. ಗಾಬರಿಗೊಂಡ ಚಾಲಕನ ಗಮನವು ರಸ್ತೆಯನ್ನು ಬಿಟ್ಟು ಗದರುವವರ ಕಡೆಗೆ ಹೋಗುತ್ತದೆ. ಅಂಚಿಗೆ ನಿಲ್ಲಿಸಿ, ನಡೆದುದೇನೆಂದು ಶಾಂತವಾಗಿ ಕೇಳಿ ತಿದ್ದಬೇಕು.

ಒಬ್ಬಂಟಿಯಾಗಿ ಹೊರಟ ಮೇಲೆ

ಇಲ್ಲಿ ವಾಚಕರು ಮುಖ್ಯವಾಗಿ ಗಮನಿಸಬೇಕಾದುದೊಂದಿದೆ. ಹಿರಿಯರು ಪಕ್ಕದಲ್ಲಿರುವಾಗ ಕಲಿಯುವವರಿಂದ ಅಪಘಾತಗಳು ಕಡಮೆ. ಲೈಸೆನ್ಸು ಪಡೆದು ಒಬ್ಬರೇ ಹೊರಟ ಮೊದಲ ತಿಂಗಳುಗಳಲ್ಲಿಯೇ ಹೆಚ್ಚು. ಆವೇಗವನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗವು ಇಪ್ಪತ್ತರ ವಯಸ್ಸು ದಾಟಿದ ಮೇಲೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಗೆಳೆಯರು ಜೊತೆಗಿದ್ದರಂತೂ ಸಾಹಸದ ಹುರುಪು ಏರುತ್ತದೆ. ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ನಡೆಸುವ ಆಟವನ್ನು ಗೆಳೆಯರೆದುರು ಆಡಿದ ಹದಿಹರೆಯದವರು ಒಬ್ಬರೇ ಆಡಿದವರಿಗಿಂತ ಹೆಚ್ಚು ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ.

ನ್ಯೂಜಿಲೆಂಡ್ ದೇಶವು ೧೯೮೭ರಲ್ಲಿಯೇ ಲೈಸೆನ್ಸನ್ನು ಹಂತಹಂತವಾಗಿ ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು: ಮೊದಲು ಹಿರಿಯರೊಡನೆ, ಬಳಿಕ ಒಬ್ಬರೇ, ಆದರೆ ರಾತ್ರಿ ವೇಳೆಗೂ ಸಹಪ್ರಯಾಣಿಕರಿಗೂ ನಿರ್ಬಂಧ, ಕೊನೆಗೆ ಪೂರ್ಣ ಸ್ವಾತಂತ್ರ್ಯ. ನಮ್ಮಲ್ಲಿ ಕಲಿಕೆಯ ಲೈಸೆನ್ಸು ಪಡೆದ ೩೦ ದಿನಗಳ ಬಳಿಕ ಪರೀಕ್ಷೆಗೆ ಹೋಗಬಹುದು. ಆ ಲೈಸೆನ್ಸಿನ ಅವಧಿ ೬ ತಿಂಗಳು. ಆ ಅವಧಿಯನ್ನೆಲ್ಲ ಅಭ್ಯಾಸಕ್ಕೆ ಬಳಸಲು ಯಾವ ಅಡ್ಡಿಯೂ ಇಲ್ಲ. ಮೊದಲು ಬೆಳಗಿನ ಬಯಲು, ಆಮೇಲೆ ಊರ ರಸ್ತೆ, ಅನಂತರ ಗದಗಿನ ಸಂತೆಪೇಟೆ, ಹುಬ್ಬಳ್ಳಿಯ ಹೆದ್ದಾರಿ. ಕಡೆಯಲ್ಲಿ ಮಳೆ ಮತ್ತು ಇರುಳು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೂ ಕೆಲವು ತಿಂಗಳು ರಾತ್ರಿಯ ಸವಾರಿ ಬೇಡ, ಗೆಳೆಯರ ಗುಂಪು ಬೇಡ ಎಂಬ ನಿಯಮವನ್ನು ಮನೆಯಲ್ಲಿ ಮೊದಲೇ ಒಪ್ಪಿಕೊಂಡಿರಬೇಕು.

ಇಷ್ಟೆಲ್ಲ ಪಾಠ ಹೇಳುವ ತಂದೆಯೇ ಶಿರಸ್ತ್ರಾಣವಿಲ್ಲದೆ, ಒಂದು ಕೈಯಲ್ಲಿ ಫೋನು ಹಿಡಿದು ಹೊರಟರೆ ಆ ಮಾತಿಗೆ ಬೆಲೆಯಿರದು. ಮಗುವು ಹಿಂದಿನ ಆಸನದಲ್ಲಿ ಕುಳಿತು ಎಷ್ಟೋ ವರ್ಷಗಳಿಂದ ತಂದೆತಾಯಿಗಳ ಸಾರಥ್ಯವನ್ನು ನೋಡುತ್ತಲೇ ಬಂದಿರುತ್ತದೆ. ಆದುದರಿಂದ ಮಕ್ಕಳಿಗೆ ೧೮ ತುಂಬುವ ತನಕ ಕಾಯದೆ, ತಮ್ಮ ಸವಾರಿಯನ್ನು ಇಂದೇ ತಿದ್ದಿಕೊಳ್ಳುವುದು ಹಿರಿಯರ ಮೊದಲ ಕರ್ತವ್ಯ.